ಹೊಟ್ಟೆಯ ಆಪರೇಷನ್: ಇದೂ ಒಂದು ಬಾಣಂತನವೇ!



ಸಂಡಿಗೆ, ಉಪ್ಪಿನಕಾಯಿ, ಮಕ್ಕಳ ಕೆಮ್ಮು ನೆಗಡಿ ಅಂತ ಪ್ರತಿ ಸಲ ಮಾತಾಡುವ ನಾನು ಈ ಸಲ ಕೊಂಚ ಸಂಕೋಚದ ವಿಷಯ ಎತ್ತಿಕೊಂಡಿದ್ದೇನೆ. ನಾವೆಲ್ಲ ಸೆರಗಿನ ಮರೆಯಲ್ಲಿ ಮುಚ್ಚಿಟ್ಟುಕೊಳ್ಳುವ ಹೊಟ್ಟೆಯ ವಿಷಯ.

ಒಂದು ದಿನ ಬಸ್ಸಿನಲ್ಲಿ ನಿಂತಿದ್ದೆ. ಕಾಲೇಜು ಹುಡುಗಿಯೊಬ್ಬಳು ಥಟ್ಟನೆ ಎದ್ದು, "ಕೂತ್ಕೊಳ್ಳಿ ಆಂಟಿ, ಈ ಟೈಮಲ್ಲಿ ನಿಂತ್ಕೋಬಾರ್ದು" ಅಂದಳು. ನನ್ನ ಚಿಕ್ಕ ಮಗ ಆಗ ಏಳನೇ ಕ್ಲಾಸು! ಪಾಪ, ಅವಳದು ಒಳ್ಳೆಯ ಮನಸ್ಸು. ಅಲ್ಲಮ್ಮ ಎಂದರೆ ಅವಳಿಗೆ ಅವಮಾನ, ಸುಮ್ಮನಿದ್ದರೆ ನನಗೆ. ಸುಮ್ಮನೆ ಕೂತೆ. ಊರು ಬರುವವರೆಗೂ ಕಿಟಕಿಯಿಂದ ಈಚೆಗೆ ಮುಖ ತಿರುಗಿಸಲಿಲ್ಲ.

ಆ ಹೊಟ್ಟೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈಗ ಎರಡು ವರ್ಷವಾಯಿತು. ಜನ ಟಮ್ಮಿ ಟಕ್ ಅನ್ನುತ್ತಾರೆ, ಡಾಕ್ಟರರು ಅಬ್ಡಾಮಿನೋಪ್ಲಾಸ್ಟಿ ಅನ್ನುತ್ತಾರೆ. ಮಾಡಿಸಿಕೊಳ್ಳಿ ಅಂತಲೋ ಬೇಡ ಅಂತಲೋ ಹೇಳಲು ನಾನು ಡಾಕ್ಟರಲ್ಲ. ಆದರೆ ಆಸ್ಪತ್ರೆಗೆ ಹೋಗುವ ಮುಂಚೆ ತಿಳಿದಿರಬೇಕಾದ ಕೆಲವು ಮಾತುಗಳಿವೆ. ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಹೊಟ್ಟೆ ಯಾಕೆ ಹೀಗಾಗುತ್ತದೆ?

ಹೊಟ್ಟೆಯ ಮುಂಭಾಗದಲ್ಲಿ ಪಕ್ಕೆಲುಬಿನಿಂದ ಕೆಳಗಿನವರೆಗೆ ಎರಡು ಉದ್ದನೆಯ ಸ್ನಾಯುಗಳಿವೆ. ನಡುವೆ ಒಂದು ಪಟ್ಟಿ ಎರಡನ್ನೂ ಹಿಡಿದುಕೊಂಡಿರುತ್ತದೆ. ಬಸುರಿಯಾದಾಗ ಮಗುವಿಗೆ ಜಾಗ ಬಿಡಲು ಈ ಪಟ್ಟಿ ಹಿಗ್ಗುತ್ತದೆ. ಹೆರಿಗೆಯಾದ ಎರಡು ತಿಂಗಳಲ್ಲಿ ಹೆಚ್ಚಿನವರಿಗೆ ಬಹುಮಟ್ಟಿಗೆ ಮತ್ತೆ ಕೂಡಿಕೊಳ್ಳುತ್ತದೆ, ಕೆಲವರಿಗೆ ಅಗಲವಾಗಿಯೇ ಉಳಿಯುತ್ತದೆ. ಅವಳಿ ಮಕ್ಕಳಾದವರಿಗೆ, ಮೇಲಿಂದ ಮೇಲೆ ಹೆತ್ತವರಿಗೆ ಇದು ಹೆಚ್ಚು. ಮೇಲಿನ ಚರ್ಮವೂ ಹಳೆಯ ಎಲಾಸ್ಟಿಕ್ಕಿನ ಹಾಗೆ ಸಡಿಲವಾಗಿ ಜೋತು ಬೀಳುತ್ತದೆ.

ನೀವೇ ಪರೀಕ್ಷಿಸಿ ನೋಡಬಹುದು. ಅಂಗಾತ ಮಲಗಿ ಮಂಡಿ ಮಡಿಸಿಕೊಳ್ಳಿ. ಹೊಕ್ಕುಳಿನ ಮೇಲ್ಭಾಗದಲ್ಲಿ ಬೆರಳುಗಳನ್ನು ಅಡ್ಡಲಾಗಿ ಇಟ್ಟು, ತಲೆಯನ್ನು ಮಾತ್ರ ಸ್ವಲ್ಪ ಎತ್ತಿ. ಎರಡು ಬೆರಳಿಗಿಂತ ಹೆಚ್ಚು ಅಗಲದ ಹಳ್ಳ ಸಿಕ್ಕರೆ ಸ್ನಾಯು ಬೇರ್ಪಟ್ಟಿರಬಹುದು. ಕೆಮ್ಮಿದಾಗ ಹೊಕ್ಕುಳ ಹತ್ತಿರ ಗುಂಡಗೆ ಉಬ್ಬಿ ಬಂದರೆ ಹರ್ನಿಯಾ ಇರಬಹುದು. ಎರಡನ್ನೂ ಡಾಕ್ಟರರಿಗೆ ತೋರಿಸಿ.

ಕೊಬ್ಬು ಊಟದ ಹಿಡಿತ ಮತ್ತು ನಡಿಗೆಗೆ ಕರಗುತ್ತದೆ. ಬೇರ್ಪಟ್ಟ ಸ್ನಾಯುವಿಗೆ ಫಿಸಿಯೋಥೆರಪಿಯವರು ಹೇಳಿಕೊಡುವ ವ್ಯಾಯಾಮದಿಂದ ಅನೇಕರಿಗೆ ಗುಣ ಕಾಣುತ್ತದೆ. ಮೊದಲು ಅದನ್ನೇ ಮಾಡಿ. ನಾನೂ ಎಂಟು ತಿಂಗಳು ಮಾಡಿದೆ, ಸೊಂಟನೋವು ಅರ್ಧ ಇಳಿಯಿತು. ಆದರೆ ಜೋತುಬಿದ್ದ ಚರ್ಮ ಯಾವ ವ್ಯಾಯಾಮಕ್ಕೂ ಎಣ್ಣೆಗೂ ಬಗ್ಗುವುದಿಲ್ಲ. ಬಾಣಂತಿಯರ ಹೊಟ್ಟೆಗೆ ಹಳೇ ಸೀರೆ ಸುತ್ತುತ್ತೇವಲ್ಲ, ಅದು ಸೊಂಟಕ್ಕೆ ಆಸರೆ ಕೊಡುತ್ತದೆ ಅಷ್ಟೆ. ಸ್ನಾಯು ಕೂಡಿಸುವ ಶಕ್ತಿ ಅದಕ್ಕಿಲ್ಲ.

ಯಾರಿಗೆ ತಕ್ಕುದು, ಯಾರಿಗಲ್ಲ?

ಇದು ತೂಕ ಇಳಿಸುವ ದಾರಿ ಅಲ್ಲವೇ ಅಲ್ಲ. ಮೊದಲು ತೂಕ ಇಳಿಸಿ, ಕೆಲವು ತಿಂಗಳು ಅದೇ ತೂಕದಲ್ಲಿ ನಿಂತವರಿಗೆ ಮಾತ್ರ ಫಲ ಚೆನ್ನಾಗಿರುತ್ತದೆ. ಇನ್ನೂ ಮಕ್ಕಳು ಬೇಕು ಅನ್ನುವವರು ಕಾಯುವುದು ಮೇಲು. ಮತ್ತೆ ಬಸುರಾದರೆ ಹೊಲಿದ ಸ್ನಾಯು ಪುನಃ ಹಿಗ್ಗುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ಅದನ್ನು ಹತೋಟಿಗೆ ತಂದುಕೊಂಡೇ ಹೋಗಬೇಕು.

ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಕಿವಿಗೊಟ್ಟು ಕೇಳಿ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ರಕ್ತ ಸಾಲದೆ ಹೊಲಿಗೆಯ ಅಂಚಿನ ಚರ್ಮ ಕಪ್ಪಾಗಿ ಸತ್ತುಹೋಗಬಹುದು. ಕಡೇಪಕ್ಷ 4 ವಾರ ಮುಂಚೆಯೇ ಬಿಡಬೇಕು. ನಾಚಿಕೊಂಡು ಡಾಕ್ಟರರ ಹತ್ತಿರ ಮುಚ್ಚಿಡಬೇಡಿ. ನಿತ್ಯ ನುಂಗುವ ಮಾತ್ರೆ, ಕಷಾಯ, ಲೇಹ್ಯ ಏನಿದ್ದರೂ ಹೇಳಿಬಿಡಿ. ಕೆಲವು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತವೆ.

ಪ್ಲಾಸ್ಟಿಕ್ ಸರ್ಜರಿ ಎಂದರೆ ಪ್ಲಾಸ್ಟಿಕ್ ತುಂಬುತ್ತಾರೆ ಅಂತ ನಮ್ಮ ಪಕ್ಕದ ಮನೆಯವರು ಇವತ್ತಿಗೂ ನಂಬಿದ್ದಾರೆ! ಅದು ಗ್ರೀಕ್ ಭಾಷೆಯ ಮಾತು, ರೂಪ ಕೊಡುವುದು ಅಂತ ಅರ್ಥ. ಈ ವಿದ್ಯೆ ಕಲಿತವರಿಗೆ ಎಂ.ಎಸ್. ಆದಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಇರುತ್ತದೆ. ಬೋರ್ಡಿನಲ್ಲಿ ಅದನ್ನು ಹುಡುಕಿ. ಅರಿವಳಿಕೆ ಡಾಕ್ಟರು ಯಾರು, ತುರ್ತು ನಿಗಾ ಘಟಕ ಇದೆಯೇ ಎಂದು ಬಾಯಿಬಿಟ್ಟು ಕೇಳಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಎಳೆ ವಯಸ್ಸಿನ ನಟಿಯೊಬ್ಬಳು ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ತೀರಿಕೊಂಡ ಸುದ್ದಿ ನಿಮಗೂ ನೆನಪಿರಬಹುದು. ಅದು ಬೇರೆ ಚಿಕಿತ್ಸೆ, ನಿಜ. ಆದರೂ ಅಂದಕ್ಕೆ ಮಾಡಿಸುವುದು ಸಣ್ಣ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಖರ್ಚಿನ ಮಾತು. ಖಾಸಗಿ ಆಸ್ಪತ್ರೆಯಲ್ಲಿ ಲಕ್ಷ ದಾಟುತ್ತದೆ. ಆರೋಗ್ಯ ವಿಮೆ ಹರ್ನಿಯಾಕ್ಕೆ ಸಿಗುತ್ತದೆ, ಅಂದಕ್ಕೆಂದು ಮಾಡುವ ಚಿಕಿತ್ಸೆಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಎರಡೂ ಸೇರಿಸಿ ಮಾಡುವುದಾದರೆ ಲೆಕ್ಕ ಬೇರೆ ಬೇರೆ ಬರೆಸಿಕೊಳ್ಳಿ.

ಆಪರೇಷನ್ನಿನ ದಿನ

ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಸಿಸೇರಿಯನ್ ಗಾಯ ಇರುವ ಜಾಗದಲ್ಲೇ, ಆದರೆ ಈ ಸೊಂಟದ ಮೂಳೆಯಿಂದ ಆ ಸೊಂಟದ ಮೂಳೆಯವರೆಗೆ ಉದ್ದಕ್ಕೆ ಕೊಯ್ಯುತ್ತಾರೆ. ಚರ್ಮವನ್ನು ಪಕ್ಕೆಲುಬಿನವರೆಗೆ ಬಿಡಿಸಿ, ಬೇರೆಯಾದ ಸ್ನಾಯುಗಳನ್ನು ನಡುವೆ ಸೇರಿಸಿ ಹೊಲಿಯುತ್ತಾರೆ. ಮಿಕ್ಕ ಚರ್ಮ ಕತ್ತರಿಸಿ, ಉಳಿದಿದ್ದನ್ನು ಕೆಳಗೆಳೆದು, ಹೊಕ್ಕುಳಿಗೆ ಹೊಸ ಕಿಂಡಿ ಮಾಡಿ ಹೊಲಿಗೆ ಹಾಕುತ್ತಾರೆ. ಒಳಗೆ ಸೇರುವ ನೀರು ಹೊರಬರಲೆಂದು ಎರಡು ಸಣ್ಣ ಕೊಳವೆ ಇಟ್ಟಿರುತ್ತಾರೆ.

ಎಚ್ಚರವಾದಾಗ ಹೊಟ್ಟೆಯ ಮೇಲೆ ಒರಳುಕಲ್ಲು ಇಟ್ಟ ಹಾಗಿತ್ತು. ಅದೇ ಸಂಜೆ ನರ್ಸಮ್ಮ ಬಂದು "ಏಳಿ, ನಾಲ್ಕು ಹೆಜ್ಜೆ ನಡೀರಿ" ಅಂದಾಗ ನನಗೆ ಅಳುವೇ ಬಂತು. ಆದರೆ ಅದು ತಪ್ಪಿಸಬಾರದ ನಡಿಗೆ. ಮಲಗೇ ಇದ್ದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಮನೆಗೆ ಬಂದ ಮೇಲೆ

ಮೊದಲ ವಾರ ಹತ್ತು ದಿನ ನೆಟ್ಟಗೆ ನಿಲ್ಲಲಾಗುವುದಿಲ್ಲ. ಗೂನು ಬೆನ್ನಿನ ಅಜ್ಜಿಯ ಹಾಗೆ ಬಗ್ಗಿಯೇ ನಡೆಯಬೇಕು. ಮಲಗುವಾಗ ಬೆನ್ನ ಹಿಂದೆ ಎರಡು ಮೂರು ದಿಂಬು, ಮಂಡಿಯ ಕೆಳಗೊಂದು. ಕೆಮ್ಮು, ಸೀನು, ನಗು ಬಂದರೆ ಒಂದು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಿ. ನೆಲದ ಪಾಯಿಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂರುವುದು ಆಗದ ಮಾತು. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿಯನ್ನು ಮುಂಚೆಯೇ ತಂದಿಟ್ಟುಕೊಳ್ಳಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ!

ನೋವಿನ ಮಾತ್ರೆಗೆ ಮಲಬದ್ಧತೆ ಆಗುತ್ತದೆ, ತಿಣುಕಿದರೆ ಹೊಲಿಗೆಗೆ ಕಷ್ಟ. ನೀರು ಚೆನ್ನಾಗಿ ಕುಡಿಯಿರಿ. ಸೊಪ್ಪಿನ ಬಸ್ಸಾರು, ಹೆಸರುಬೇಳೆ ತೊವ್ವೆ, ಪರಂಗಿಹಣ್ಣು, ಮಜ್ಜಿಗೆ ಇರಲಿ. ಗಾಯ ಮಾಯಲು ಬೇಳೆ, ಮೊಳಕೆಕಾಳು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಬೇಕು. ಪಥ್ಯ ಅಂತ ಅನ್ನ ಸಾರಿನಲ್ಲೇ ದಿನ ತಳ್ಳಬೇಡಿ.

ಕೊಳವೆಯ ಡಬ್ಬಿಯಲ್ಲಿ ಎಷ್ಟು ನೀರು ಬಂತು ಎಂದು ದಿನವೂ ಬರೆದಿಡಬೇಕು. ನನ್ನ ಮಗಳು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆಯುತ್ತಿದ್ದಳು! ಸಾಮಾನ್ಯವಾಗಿ ದಿನಕ್ಕೆ 30 ಮಿಲಿಲೀಟರಿಗಿಂತ ಕಡಿಮೆಯಾದಾಗ, ಒಂದೆರಡು ವಾರದಲ್ಲಿ, ಕೊಳವೆ ತೆಗೆಯುತ್ತಾರೆ. ಬಿಗಿಯಾದ ಹೊಟ್ಟೆಪಟ್ಟಿಯನ್ನು ಸುಮಾರು 6 ವಾರ ಹಾಕಿಕೊಂಡಿರಬೇಕು. ಅಷ್ಟೂ ದಿನ 5 ಕಿಲೋಗಿಂತ ಭಾರ ಎತ್ತುವ ಹಾಗಿಲ್ಲ. 15 ಲೀಟರಿನ ಬಿಂದಿಗೆ ಎಂದರೆ 15 ಕಿಲೋ, ನೆನಪಿರಲಿ. ತುಂಬಿದ ಗ್ಯಾಸ್ ಸಿಲಿಂಡರು 30 ಕಿಲೋ ಹತ್ತಿರ. ಒದ್ದೆ ಬಟ್ಟೆಯ ಬಕೆಟ್ಟು, ಎತ್ತಿಕೋ ಅನ್ನುವ ಮೊಮ್ಮಗು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ನಾನು ಮಾಡಿದ ತಪ್ಪು

ನನಗೆ ಹೊಕ್ಕುಳ ಹತ್ತಿರ ಸಣ್ಣ ಹರ್ನಿಯಾವೂ ಇತ್ತು. ಅದನ್ನೇ ನೆವ ಮಾಡಿಕೊಂಡು ಎಲ್ಲರಿಗೂ "ಹರ್ನಿಯಾ ಆಪರೇಷನ್" ಅಂದುಬಿಟ್ಟೆ. ನಿಜ ಗೊತ್ತಿದ್ದುದು ಇವರಿಗೆ ಮತ್ತು ಮಗಳಿಗೆ ಮಾತ್ರ. ಈ ವಯಸ್ಸಿಗೆ ಅಂದ ಬೇಕಾಯಿತೇ ಅಂತ ಅತ್ತೆಯವರು ಅಂದಾರು ಎಂಬ ಭಯ.

ಹರ್ನಿಯಾ ಮಾಡಿಸಿಕೊಂಡು ವಾರಕ್ಕೆಲ್ಲ ಓಡಾಡಿದವರನ್ನು ನಮ್ಮ ಬೀದಿಯವರು ಕಂಡಿದ್ದಾರೆ. ಹಾಗಾಗಿ ಹದಿನೆಂಟನೇ ದಿನ ನಾದಿನಿಯ ಮನೆಯವರೆಲ್ಲ ನೋಡಲು ಬಂದಾಗ ನಾನು ಅಡಿಗೆಮನೆಯಲ್ಲಿ ನಿಂತಿರುವುದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಎಂಟು ಜನಕ್ಕೆ ಉಪ್ಪಿಟ್ಟು, ಕೇಸರಿಬಾತು ಮಾಡಿದೆ. ಸಂಪಿನಿಂದ ಎರಡು ಬಿಂದಿಗೆ ನೀರೂ ತಂದೆ. ಅವರಾರೂ ಕೆಟ್ಟವರಲ್ಲ. ಗೊತ್ತಿದ್ದರೆ ಬಿಂದಿಗೆ ಕಿತ್ತುಕೊಳ್ಳುತ್ತಿದ್ದರು.

ರಾತ್ರಿ ಹೊಟ್ಟೆಯೊಳಗೆ ನೀರಿನ ಚೀಲ ಅಲುಗಾಡಿದ ಹಾಗಾಯಿತು. ಮರುದಿನವೇ ಬೆಂಗಳೂರಿಗೆ ಓಡಿದೆವು. ಡಾಕ್ಟರು ಸಿರಿಂಜು ಹಾಕಿ ನೀರು ತೆಗೆದರು. ಇದಕ್ಕೆ ಸೆರೋಮಾ ಅನ್ನುತ್ತಾರೆ, ಹುಷಾರಾಗಿದ್ದವರಿಗೂ ಬರುವುದುಂಟು. ನನಗೆ ಮಾತ್ರ ಎರಡು ವಾರದಲ್ಲಿ ಮೂರು ಸಲ ತೆಗೆಸಬೇಕಾಯಿತು. ಡಾಕ್ಟರು ಬಯ್ಯಲಿಲ್ಲ. "ಹೊಲಿಗೆ ನಾನು ಹಾಕ್ತೀನಮ್ಮ, ಅದನ್ನ ಕಾಯೋರು ನಿಮ್ಮ ಮನೆಯೋರು" ಅಂದರು.

ಮನೆಗೆ ಬಂದು ಅತ್ತೆಯವರ ಮುಂದೆ ಎಲ್ಲ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಐದು ಹೆತ್ತ ಹೊಟ್ಟೆ ಕಣೇ ನಂದು, ನಂಗೆ ಗೊತ್ತಾಗಲ್ವಾ? ಮೊದಲೇ ಹೇಳಿದ್ರೆ ಬಾಣಂತನ ಮಾಡ್ತಿದ್ನಲ್ಲೇ" ಅಂದರು. ಮಾರನೇ ದಿನದಿಂದ ಅಡಿಗೆಮನೆ ಅವರದು. ನೀರು ತರುವುದು ಇವರ ಮತ್ತು ಮಗನ ಪಾಲಿಗೆ ಬಂತು. ಮನೆಯೇನೂ ಮುಳುಗಲಿಲ್ಲ.

ಬಾಣಂತಿಯನ್ನು ಯಾರೂ ನೀರು ತಾ ಅನ್ನುವುದಿಲ್ಲ. ಕೇಳದೆಯೇ ಮನೆ ಅವಳಿಗೆ ಜಾಗ ಬಿಡುತ್ತದೆ. ಈ ಆಪರೇಷನ್ನಿಗೂ ಅಷ್ಟೇ ಜಾಗ ಬೇಕು. ಗುಟ್ಟು ಮಾಡಿದರೆ ಅದು ಸಿಗುವುದಿಲ್ಲ. ಊರಿಗೆಲ್ಲ ಸಾರಬೇಕಿಲ್ಲ, ಒಂದೇ ಸೂರಿನ ಕೆಳಗಿರುವವರಿಗಾದರೂ ನಿಜ ಹೇಳಿ.

ಹೋಗುವ ಮುಂಚೆ ಇಷ್ಟು ಮಾಡಿ

1. ಆರು ವಾರ ನೀರು, ಬಟ್ಟೆ, ಕಸ, ಅಡಿಗೆ ಯಾರದು ಎಂದು ಹೆಸರು ಹಿಡಿದು ಗೊತ್ತುಮಾಡಿ.

2. ಮದುವೆ, ಹಬ್ಬ, ಪರೀಕ್ಷೆ ಇಲ್ಲದ ತಿಂಗಳು ಆರಿಸಿ. ಸೆಕೆಗಾಲದಲ್ಲಿ ಪಟ್ಟಿಯೊಳಗೆ ಬೆವರಿ ಹಿಂಸೆ.

3. ನಿತ್ಯ ಬೇಕಾಗುವ ಪಾತ್ರೆ, ಡಬ್ಬಿಗಳನ್ನು ಸೊಂಟದ ಎತ್ತರಕ್ಕೆ ಇಡಿ. ಬಗ್ಗುವುದೂ ಬೇಡ, ಅಟ್ಟಕ್ಕೆ ಕೈ ಚಾಚುವುದೂ ಬೇಡ.

4. ಮುಂದೆ ಗುಂಡಿ ಇರುವ ಸಡಿಲ ನೈಟಿ ಎರಡು ಮೂರು ಹೊಲಿಸಿಕೊಳ್ಳಿ.

5. ಹೊಟ್ಟೆಗೆ ಬಿಸಿನೀರಿನ ಚೀಲ ಇಡಲೇಬೇಡಿ. ಕೆಳಹೊಟ್ಟೆ ತಿಂಗಳುಗಟ್ಟಲೆ ಮರಗಟ್ಟಿರುತ್ತದೆ, ಸುಟ್ಟರೂ ತಿಳಿಯುವುದಿಲ್ಲ.

6. ಮೀನಖಂಡದಲ್ಲಿ ನೋವು ಅಥವಾ ಒಂದೇ ಕಾಲು ಊದುವುದು, ಉಸಿರುಕಟ್ಟುವುದು, ಎದೆನೋವು: ಹೀಗಾದರೆ ಬೆಳಗಾಗಲಿ ಎನ್ನದೆ ತಕ್ಷಣ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಚಳಿಜ್ವರ, ಗಾಯದಲ್ಲಿ ಕೀವು, ಚರ್ಮ ಕಪ್ಪಾಗುವುದು, ಹೊಟ್ಟೆ ಏಕಾಏಕಿ ಊದುವುದು ಕಂಡರೆ ಅವತ್ತೇ ಡಾಕ್ಟರರಿಗೆ ತೋರಿಸಿ.

ಕೊನೆಗೆ ಏನು ಸಿಕ್ಕಿತು ಅಂತ ಕೇಳುತ್ತೀರಿ. ಊತ ಪೂರ್ತಿ ಇಳಿಯಲು ತಿಂಗಳುಗಳೇ ಹಿಡಿದವು. ಕೆಂಪಗಿದ್ದ ಗಾಯದ ಗೆರೆ ವರ್ಷದ ಮೇಲೆ ಮಾಸಿತು. ಅದು ಹೋಗುವಂಥದಲ್ಲ, ಸೊಂಟದಿಂದ ಸೊಂಟಕ್ಕೆ ಇದ್ದೇ ಇದೆ. ಹೊಕ್ಕುಳ ಮೇಲಿನ ಬಸುರಿನ ಗೆರೆಗಳೂ ಇವೆ. ಅಂಗೈಯಗಲದ ಜಾಗದಲ್ಲಿ ಮುಟ್ಟಿದರೆ ಇವತ್ತಿಗೂ ಸರಿಯಾಗಿ ತಿಳಿಯುವುದಿಲ್ಲ. ಸೊಂಟನೋವು ಕಡಿಮೆಯಾಗಿದೆ, ಮಡಿಕೆಯ ಕೆಳಗೆ ಬೇಸಿಗೆಯಲ್ಲಿ ಆಗುತ್ತಿದ್ದ ಹುಣ್ಣು ಈಗಿಲ್ಲ, ಸೀರೆಯ ನೆರಿಗೆ ಇಟ್ಟ ಜಾಗದಲ್ಲೇ ನಿಲ್ಲುತ್ತದೆ. ನನಗೆ ಅಷ್ಟು ಸಾಕು.

ಇದನ್ನೋದಿ ನಿಮ್ಮಲ್ಲಿ ಯಾರಾದರೂ, ನನಗೆ ಇದ್ದ ಹೊಟ್ಟೆಯೇ ಇರಲಿ, ಎರಡು ಬೆರಳಿನ ಪರೀಕ್ಷೆ ಮಾಡಿ ವ್ಯಾಯಾಮ ಶುರುಮಾಡುತ್ತೇನೆ ಅಂದುಕೊಂಡರೆ ಅದೂ ಸಂತೋಷವೇ. ಮಕ್ಕಳನ್ನು ಹೊತ್ತ ಹೊಟ್ಟೆಗೆ ಯಾರ ಕ್ಷಮೆಯೂ ಬೇಕಿಲ್ಲ. ಮಾಡಿಸಿಕೊಳ್ಳುವುದಾದರೆ ಬಸ್ಸಿನ ಹುಡುಗಿಯ ಮಾತಿಗೆ ಮಾಡಿಸಿಕೊಳ್ಳಬೇಡಿ. ನಿಮ್ಮ ಸೊಂಟಕ್ಕೆ, ನಿಮ್ಮ ಮನಸ್ಸಿಗೆ ಬೇಕು ಅನ್ನಿಸಿದರೆ ಮಾತ್ರ. ಮತ್ತೆ ಹೇಳುತ್ತೇನೆ, ಬಿಂದಿಗೆ ಯಾರು ಎತ್ತುತ್ತಾರೆ ಎಂಬುದು ಮೊದಲು ತೀರ್ಮಾನವಾಗಲಿ, ಆಪರೇಷನ್ನಿನ ದಿನ ಆಮೇಲೆ ಗೊತ್ತಾಗಲಿ.

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.