ಒಳ್ಳೆ ಗೆಡ್ಡೆ ಮಾರುಕಟ್ಟೆಗೆ, ಹಸಿರು ಗೆಡ್ಡೆ ಮನೆಗೆ ಯಾಕೆ?



ನಮ್ಮ ಹಾಸನ ಸೀಮೆಯಲ್ಲಿ ಮುಂಗಾರು ಬಿದ್ದ ಮೇಲೆ ಆಲೂಗೆಡ್ಡೆ ಬಿತ್ತುತ್ತಾರೆ, ಗೌರಿಹಬ್ಬದ ಆಸುಪಾಸಿನಲ್ಲಿ ಕೀಳುತ್ತಾರೆ. ಆಮೇಲೆ ಏನಾಗುತ್ತೆ ಅಂತ ನಿಮಗೆಲ್ಲ ಗೊತ್ತು. ದಪ್ಪಗೆ, ನುಣ್ಣಗೆ ಇರೋದನ್ನೆಲ್ಲ ಆರಿಸಿ ಮೂಟೆ ಕಟ್ಟಿ ಮಾರುಕಟ್ಟೆಗೆ ಕಳಿಸುತ್ತಾರೆ. ಗುದ್ದಲಿ ಏಟು ಬಿದ್ದದ್ದು, ಗೋಲಿಯಷ್ಟು ಸಣ್ಣದು, ಬಿಸಿಲಿಗೆ ಹಸಿರಾದದ್ದು ಮನೆಗೆ ಉಳಿಯುತ್ತೆ. ಏಟು ಬಿದ್ದದ್ದನ್ನು ಕೊಳೆಯುವ ಮುಂಚೆ ಕೆತ್ತಿ ಸಾರಿಗೆ ಹಾಕಿದರೆ ಆಯ್ತು. ಸಣ್ಣದನ್ನಂತೂ ಸಿಪ್ಪೆ ಸಮೇತ ಹುರಿದರೆ ದಪ್ಪದ್ದಕ್ಕಿಂತ ರುಚಿ. ನನ್ನ ತಕರಾರು ಇರೋದು ಹಸಿರು ಗೆಡ್ಡೆ ಮೇಲೆ. ಅದನ್ನು ಮನೆಯವರಿಗೆ ಬೇಯಿಸಿ ಹಾಕಬಾರದು.

ಆಲೂಗೆಡ್ಡೆ ಬೇರಲ್ಲ, ಕಾಂಡ ಅಂತ ವಿಜ್ಞಾನದಲ್ಲಿ ಓದಿದ್ದೇವೆ. ಅದಕ್ಕೇ ಬೆಳಕು ಬಿದ್ದರೆ ಅದರಲ್ಲಿ ಪತ್ರಹರಿತ್ತು ಹುಟ್ಟಿ ಹಸಿರಾಗುತ್ತೆ. ಆ ಹಸಿರು ಬಣ್ಣದಿಂದ ಕೇಡಿಲ್ಲ. ಆದರೆ ಅದೇ ಬೆಳಕಿಗೆ ಸೋಲನಿನ್ ಎಂಬ ವಿಷವೂ ಹೆಚ್ಚುತ್ತೆ. ಸಿಪ್ಪೆಯಲ್ಲಿ, ಕಣ್ಣುಗಳಲ್ಲಿ, ಮೊಳಕೆಯಲ್ಲಿ ಅದು ಜಾಸ್ತಿ. ಗೆಡ್ಡೆ ಕಹಿಯಾಗೋದು, ತಿಂದಾಗ ಗಂಟಲು ಉರಿಯೋದು ಅದರಿಂದ. ಹೆಚ್ಚು ತಿಂದರೆ ಹೊಟ್ಟೆನೋವು, ವಾಂತಿ, ಭೇದಿ ಆಗುತ್ತೆ. "ಚೆನ್ನಾಗಿ ಬೇಯಿಸಿದ್ರೆ ಎಲ್ಲಾ ಹೋಗುತ್ತೆ ಕಣೋ" ಅಂತಾರೆ ದೊಡ್ಡವರು. ಹೋಗಲ್ಲ. ಎಷ್ಟು ಕುದಿಸಿದರೂ ಈ ವಿಷ ನಾಶವಾಗಲ್ಲ.

"ನಾವೆಲ್ಲ ತಿಂದು ಬದುಕಿಲ್ವಾ?" ಅನ್ನೋದು ಇನ್ನೊಂದು ಮಾತು. ಬದುಕಿದ್ದೀರಿ, ನಿಜ. ಒಂದು ಚೂರು ಹಸಿರು ತಿಂದು ಯಾರೂ ಸಾಯಲ್ಲ. ಆದರೆ ದೊಡ್ಡವರು ತಾಳಿಕೊಂಡಷ್ಟನ್ನು ಮೂರು ವರ್ಷದ ಮಗುವಿನ ಮೈ ತಾಳಲ್ಲ. ಮಗು ವಾಂತಿ ಮಾಡಿದರೆ ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕ್ತೀವಿ. ಹಿಂದಿನ ರಾತ್ರಿ ಸಾರಿಗೆ ಏನು ಬಿದ್ದಿತ್ತು ಅಂತ ಯಾರು ಕೇಳ್ತಾರೆ?

ಎಲ್ಲಾ ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ಸ್ವಲ್ಪ ಹಸಿರಿದ್ದರೆ ಆ ಭಾಗವನ್ನು ದಪ್ಪವಾಗಿ ಕೆತ್ತಿ ತೆಗೆಯಿರಿ. ಮೊಳಕೆಯನ್ನು ಮುರಿದರೆ ಸಾಲದು, ಕಣ್ಣನ್ನು ಚಾಕುವಿನ ತುದಿಯಿಂದ ತೋಡಬೇಕು. ಪೂರ್ತಿ ಹಸಿರಾದದ್ದು, ಸುಕ್ಕಾಗಿ ಮೊಳೆತದ್ದು ತಿಪ್ಪೆಗೇ ಹೋಗಲಿ. ಹಸುವಿನ ಮುಂದೆ ಸುರಿಯಬೇಡಿ, ಅದಕ್ಕೂ ಅದು ವಿಷವೇ. ಬಿತ್ತನೆಗೆ ಅಂತ ಔಷಧಿಯಲ್ಲಿ ಅದ್ದಿದ ಗೆಡ್ಡೆ ಮಿಕ್ಕಿದರೂ ಅಡುಗೆಮನೆಗೆ ಬರಬಾರದು. ತೊಳೆದರೆ ಸರಿಹೋಗುತ್ತೆ ಅನ್ನೋದು ಬರೀ ಭ್ರಮೆ.

ಒಳ್ಳೆ ಗೆಡ್ಡೆಯನ್ನಾದರೂ ನೆಟ್ಟಗೆ ಬೇಯಿಸ್ತೀವಾ? ಸಿಪ್ಪೆ ಹೆರೆದು, ಹೋಳು ಮಾಡಿ, ಕುದಿಸಿ, ನೀರು ಬಸಿದು ಚೆಲ್ಲುತ್ತೇವೆ. ಅದರಲ್ಲಿದ್ದ ಸಿ ಜೀವಸತ್ವದಲ್ಲಿ ಒಂದು ಪಾಲು ಆ ನೀರಿನ ಜೊತೆಗೇ ಬಚ್ಚಲಿಗೆ ಹೋಗುತ್ತೆ. ಪಲ್ಯಕ್ಕಾದರೆ ಇಡೀ ಗೆಡ್ಡೆ ತೊಳೆದು ಸಿಪ್ಪೆ ಸಮೇತ ಬೇಯಿಸಿ, ಆಮೇಲೆ ಸುಲಿಯಿರಿ. ಸುಲಿಯೋದೂ ಸುಲಭ. ಸಾರಿಗಾದರೆ ಹೋಳು ಬೆಂದ ನೀರು ಸಾರಿನಲ್ಲೇ ಇರಲಿ. (ಸುಲಿಯೋ ಕೆಲಸ ಹೆಣ್ಣುಮಕ್ಕಳದ್ದೇ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ನಮ್ಮ ತರಗತಿಯ ಹುಡುಗರು ಈ ಸಾಲನ್ನು ಎರಡು ಸಲ ಓದಬೇಕು.)

ಇದು ದುಡ್ಡಿನ ಪ್ರಶ್ನೆ ಅಂತ ಅಪ್ಪಂದಿರು ಹೇಳಬಹುದು. ಲೆಕ್ಕ ಹಾಕೋಣ. ಒಂದು ಮೂಟೆ 50 ಕೆ.ಜಿ. ವಾರಕ್ಕೆ ಮನೆಗೆ ಬೇಕಾಗೋದು ಎರಡು ಮೂರು ಕೆ.ಜಿ. ಹತ್ತಾರು ಮೂಟೆ ಮಾರುವವರು ಒಂದೇ ಒಂದು ಮೂಟೆ ಒಳ್ಳೇದನ್ನು ಮನೆಗೆ ಇಟ್ಟುಕೊಂಡರೆ ನಾಲ್ಕು ತಿಂಗಳ ಊಟ ಆಯ್ತು. ಬೆಳೆದವರಿಗೆ ಅಷ್ಟೂ ಹಕ್ಕಿಲ್ವಾ? ಗೋಣಿಚೀಲದಲ್ಲಿ, ಗಾಳಿ ಆಡುವ ಕತ್ತಲ ಮೂಲೆಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಕೊಳೆಯುತ್ತೆ. ತೊಳೆದಿಡೋದೂ ಬೇಡ.

ನಂಬಿಕೆ ಬರದಿದ್ದರೆ ನಮ್ಮ ವಿಜ್ಞಾನದ ಮೇಷ್ಟ್ರಿಗೆ ಒಂದು ವಿನಂತಿ. ಎರಡು ಗೆಡ್ಡೆ ನಾನೇ ತರುತ್ತೇನೆ. ಒಂದನ್ನು ತರಗತಿಯ ಕಿಟಕಿಯಲ್ಲಿಡೋಣ, ಇನ್ನೊಂದನ್ನು ಬೀರುವಿನೊಳಗೆ. ಹದಿನೈದು ದಿನ ಬಿಟ್ಟು ಎರಡನ್ನೂ ಈ ಗೋಡೆ ಪತ್ರಿಕೆಯ ಕೆಳಗೆ ಬೆಂಚಿನ ಮೇಲಿಡೋಣ, ಎಲ್ಲರೂ ನೋಡಲಿ.