‘ಇಂಜೂರಿಯಸ್’ ಪದದ ಉಳಿದರ್ಧ

ಹತ್ತನೆಯ ತರಗತಿಯಲ್ಲಿ ನನ್ನಿಂದ ಇಂಗ್ಲಿಷ್ ಕಲಿತವರಿಗೆ ‘ಇಂಜೂರಿಯಸ್’ ಎಂಬ ಪದ ನೆನಪಿರಬಹುದು. ಅದನ್ನು ಕಪ್ಪುಹಲಗೆಯ ಮೇಲೆ ಬರೆದು, ‘ಹಾನಿಕರ’ ಎಂದು ಅರ್ಥ ಹೇಳಿ, ಉದಾಹರಣೆಗೆ ಸಿಗರೇಟು ಪೊಟ್ಟಣದ ಎಚ್ಚರಿಕೆಯನ್ನೇ ಕೊಡುತ್ತಿದ್ದೆ. 1975ರ ಕಾಯಿದೆಯ ದೆಸೆಯಿಂದ ಆ ಪದ ನಮ್ಮೂರಿನ ಬೀಡಾ ಅಂಗಡಿಗೂ ಬಂದಿತ್ತು. ಪಾಠ ಮುಗಿದು ಗಂಟೆ ಬಾರಿಸಿದೊಡನೆ ಶಾಲೆಯ ಹಿಂದಿನ ಹುಣಸೆಮರದಡಿ ನಾನೇ ಸಿಗರೇಟು ಹಚ್ಚುತ್ತಿದ್ದುದನ್ನೂ ನಿಮ್ಮಲ್ಲಿ ಹಲವರು ಬಲ್ಲಿರಿ.

ನಾನು ಹೇಳಿದ ಅರ್ಥ ತಪ್ಪಲ್ಲ, ಆದರೆ ಅರ್ಧ. ಲ್ಯಾಟಿನ್ನಿನಲ್ಲಿ ‘ಇನ್’ ಎಂದರೆ ಇಲ್ಲ, ‘ಯೂಸ್’ ಎಂದರೆ ನ್ಯಾಯ, ಹಕ್ಕು. ಇವೆರಡೂ ಸೇರಿ ಹುಟ್ಟಿದ ಪದ ‘ಇನ್‌ಯೂರಿಯ’. ನಮ್ಮಲ್ಲಿ ‘ಅನ್ಯಾಯ’ ಹುಟ್ಟಿದ್ದೂ ಹೀಗೆಯೇ ಅಲ್ಲವೆ? ವಕೀಲರು ಈ ಭೇದವನ್ನು ಇಂದಿಗೂ ಬಿಟ್ಟಿಲ್ಲ. ಎದುರಿಗೆ ಹೊಸ ಅಂಗಡಿ ತೆರೆದು ನಿಮ್ಮ ವ್ಯಾಪಾರ ಕುಸಿದರೆ ಅದು ಬರಿಯ ನಷ್ಟ, ಅದಕ್ಕೆ ದಾವೆಯಿಲ್ಲ. 1860ರ ಭಾರತೀಯ ದಂಡ ಸಂಹಿತೆಯೂ ‘ಇಂಜುರಿ’ ಎಂದರೆ ಕಾನೂನಿಗೆ ವಿರುದ್ಧವಾಗಿ ಒಬ್ಬರ ದೇಹ, ಮನಸ್ಸು, ಕೀರ್ತಿ ಅಥವಾ ಸ್ವತ್ತಿಗೆ ಮಾಡಿದ ಕೇಡು ಎಂದಿತ್ತು.

‘ಹಾನಿ’ ಎಂಬುದು ಬಿಡುವುದು ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದ ಪದ. ಏನು ಹೋಯಿತೆಂದು ಹೇಳುತ್ತದೆ, ಯಾರಿಂದ ಹೋಯಿತೆಂದು ಕೇಳುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ನಮ್ಮಜ್ಜಿಗೆ ಇದು ತಿಳಿದಿತ್ತೇನೋ! ಎಳೆಯ ವಯಸ್ಸಿನಲ್ಲಿ ಯಾರಾದರೂ ತೀರಿಕೊಂಡರೆ ‘ಅನ್ಯಾಯವಾಗಿ ಹೋಗಿಬಿಟ್ಟ’ ಎನ್ನುತ್ತಿದ್ದಳು.

2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾಯಿತು. 2009ರಲ್ಲಿ ಪೊಟ್ಟಣಗಳ ಮೇಲೆ ಚಿತ್ರಗಳೂ ‘ಕೊಲ್ಲುತ್ತದೆ’ ಎಂಬ ನೇರ ಮಾತೂ ಬಂದವು. ನೇರ ಮಾತು ಒಳ್ಳೆಯದೇ. ಆದರೆ ಅದನ್ನು ಓದುವವನು ಸೇದುವವನು. ‘ನನ್ನ ಪ್ರಾಣ, ನನ್ನಿಷ್ಟ’ ಎಂದು ಉತ್ತರಿಸಿಬಿಡಬಲ್ಲ. ನಾನೂ ಹಾಗೆಯೇ ಉತ್ತರಿಸುತ್ತಿದ್ದೆ. ಮನೆಯೇನೂ ಸಾರ್ವಜನಿಕ ಸ್ಥಳವಲ್ಲವಷ್ಟೆ.

ಕೆಲವು ವರ್ಷಗಳ ಹಿಂದೆ ಉಬ್ಬಸಕ್ಕೆ ತೋರಿಸಲು ನನ್ನ ಪತ್ನಿಯನ್ನು ಕರೆದೊಯ್ದಿದ್ದೆ. ‘ಮನೆಯಲ್ಲಿ ಯಾರಾದರೂ ಸೇದುತ್ತಾರೆಯೇ ಅಮ್ಮಾ?’ ಎಂದು ವೈದ್ಯರು ಕೇಳಿದರು. ಆಕೆ ಉತ್ತರಿಸಲಿಲ್ಲ. ನನ್ನ ಕಡೆಗೂ ನೋಡಲಿಲ್ಲ. ಮೂವತ್ತು ವರ್ಷ ಅದೇ ಕೋಣೆಯಲ್ಲಿ ಉಸಿರಾಡಿದವಳು. ನನಗಾದದ್ದು ಹಾನಿ, ಸರಿ; ಆಕೆಗಾದದ್ದನ್ನು ಅದೇ ಪದದಿಂದ ಕರೆಯಲು ನನಗೆ ಬಾಯಿ ಬರುವುದಿಲ್ಲ. ಸೇದುವುದನ್ನು ಅಂದೇ ಬಿಟ್ಟೆ.

ನಿಮ್ಮಲ್ಲಿ ಈಗ ಇಂಗ್ಲಿಷ್ ಪಾಠ ಹೇಳುತ್ತಿರುವವರು ಈ ಪದ ಬಂದಾಗ ‘ಹಾನಿಕರ’ದ ಪಕ್ಕದಲ್ಲಿ ‘ಅನ್ಯಾಯದ’ ಎಂದೂ ಬರೆಯಿರಿ. ನನ್ನ ಹಳೆಯ ಟಿಪ್ಪಣಿಗಳನ್ನು ಇಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿದ್ದಿಕೊಳ್ಳಿ.