ಸಣ್ಣದನ್ನು ನೋಡಲು ದೊಡ್ಡ ಸಾಲವೇಕೆ?

ನಮ್ಮ ತರುಣರಲ್ಲಿ ಈಚೆಗೆ ಛಾಯಾಗ್ರಹಣದ ಹವ್ಯಾಸ ಹೆಚ್ಚುತ್ತಿರುವುದನ್ನು ನಾವು ಸಂತೋಷದಿಂದ ಗಮನಿಸುತ್ತಿದ್ದೇವೆ. ಅದರಲ್ಲಿಯೂ ಇರುವೆ, ಜೇಡ, ಹೂವಿನ ಕೇಸರ, ಇಬ್ಬನಿಯ ಹನಿ ಮುಂತಾದ ಅತಿ ಸಣ್ಣ ವಸ್ತುಗಳನ್ನು ಹತ್ತಿರದಿಂದ ಸೆರೆಹಿಡಿದು ದೊಡ್ಡದಾಗಿ ತೋರಿಸುವ, 'ಮ್ಯಾಕ್ರೋ' ಎಂದು ಕರೆಯಲ್ಪಡುವ ಚಿತ್ರಗಳಲ್ಲಿ ಅವರಿಗೆ ವಿಶೇಷವಾದ ಒಲವು ಕಾಣುತ್ತದೆ. ಒಲವು ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಬರುತ್ತಿರುವ ಸಾಲದ ವಿಷಯದಲ್ಲಿ ಎರಡು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ನಮಗೆ ಪರಿಚಿತನಾದ ಒಬ್ಬ ತರುಣ ಮುಂಬಯಿಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ಅಂಗಡಿಯವರ ಮಾತನ್ನು ನಂಬಿ, ಹೊಸ ಕ್ಯಾಮರಾವನ್ನೂ ಹಲವು ಹತ್ತು ಸಾವಿರ ರೂಪಾಯಿ ಬೆಲೆಯ ಮ್ಯಾಕ್ರೋ ಮಸೂರವನ್ನೂ ಕಂತಿನ ಮೇಲೆ ಕೊಂಡ. ತಿಂಗಳಿಗೊಮ್ಮೆ ಊರಿಗೆ ಹೋಗುತ್ತಿದ್ದ ಹಣ ಎರಡು ತಿಂಗಳಿಗೊಮ್ಮೆ ಹೋಗತೊಡಗಿತು. ಆರನೆಯ ಕಂತು ಬರುವ ಮೊದಲೇ ಎರಡನ್ನೂ ಅರ್ಧ ಬೆಲೆಗೆ ಮಾರಿದ. ಅಷ್ಟು ದಿನಗಳಲ್ಲಿ ಎಷ್ಟು ಚಿತ್ರ ತೆಗೆದೆಯೆಂದು ಕೇಳಿದೆವು. ಮೂವತ್ತೋ ನಲವತ್ತೋ ಎಂದ. ಹೊರಗೆ ತೆಗೆದರೆ ಗಾಜಿಗೆ ಎಲ್ಲಿ ಗೀರು ಬಿದ್ದೀತೋ ಎಂಬ ಭಯದಿಂದ ಅದು ಪೆಟ್ಟಿಗೆಯಲ್ಲಿಯೇ ಇತ್ತಂತೆ.

ಇಂಥ ಪ್ರಸಂಗಗಳನ್ನು ಕೇಳಿದ ಹಿರಿಯರು, ದುಡಿದು ತಿನ್ನುವವರಿಗೆ ಈ ಷೋಕಿಯೆಲ್ಲ ಏಕೆಂದು ತೀರ್ಪು ಕೊಟ್ಟುಬಿಡುತ್ತಾರೆ. ಇದನ್ನು ನಾವು ಒಪ್ಪುವುದಿಲ್ಲ. ಸಣ್ಣದನ್ನು ಕಣ್ಣಿಟ್ಟು ನೋಡುವುದು ಸಿರಿವಂತರ ಸೊತ್ತೆಂದು ಯಾರೂ ಬರೆದುಕೊಟ್ಟಿಲ್ಲ. ೧೬೩೨ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಹುಟ್ಟಿದ ಲೇವನ್‌ಹುಕ್ ಬಟ್ಟೆಯ ವ್ಯಾಪಾರಿ. ಜೊತೆಗೆ ನಗರದ ಕಛೇರಿಯಲ್ಲಿ ಒಂದು ಸಣ್ಣ ಉದ್ಯೋಗದಲ್ಲಿದ್ದವನು. ಆ ವ್ಯಾಪಾರದಲ್ಲಿ ಬಟ್ಟೆಯ ನೂಲೆಳೆಗಳನ್ನು ಎಣಿಸಲು ಮಸೂರ ಬೇಕಾಗುತ್ತಿತ್ತು. ಅವನು ತಾನೇ ಕಾಳಿನಷ್ಟು ಸಣ್ಣ ಮಸೂರಗಳನ್ನು ಮಾಡಿ ಲೋಹದ ತಗಡಿನಲ್ಲಿ ಕೂರಿಸಿದ. ಉಳಿದು ಬಂದಿರುವ ಒಂದು ಮಸೂರ ವಸ್ತುವನ್ನು ೨೦೦ ಪಟ್ಟಿಗೂ ಹೆಚ್ಚು ದೊಡ್ಡದಾಗಿ ತೋರಿಸುತ್ತದೆ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ, ಅಂದಿನ ಪಂಡಿತರ ಭಾಷೆಯಾದ ಲ್ಯಾಟಿನ್ ಬಾರದು. ೧೬೭೩ರಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ತಾಯ್ನುಡಿಯಾದ ಡಚ್ಚಿನಲ್ಲಿಯೇ ಕಾಗದಗಳನ್ನು ಬರೆದ. ಅವರೇ ಅನುವಾದ ಮಾಡಿಸಿಕೊಂಡರು. ಪರಸ್ಥಳದಲ್ಲಿ ಕನ್ನಡ ಪತ್ರಿಕೆ ಓದುವವರಿಗೆ ಈ ಸಂಗತಿ ರುಚಿಸದೆ ಇರದು.

ಈಗ ಕೆಲಸದ ಮಾತಿಗೆ ಬರೋಣ. ವಸ್ತು ೧ ಸೆಂಟಿಮೀಟರ್ ಉದ್ದವಿದ್ದರೆ ಕ್ಯಾಮರಾದೊಳಗಿನ ಪಟಲದ ಮೇಲೆ ಅದರ ಬಿಂಬವೂ ೧ ಸೆಂಟಿಮೀಟರ್ ಬೀಳಬೇಕು; ಅದನ್ನೇ ನಿಜವಾದ ಮ್ಯಾಕ್ರೋ ಎನ್ನುತ್ತಾರೆ. ಇದಕ್ಕೆ ಬೆಲೆಬಾಳುವ ಮಸೂರವೇ ಆಗಬೇಕೆಂಬುದು ಅಂಗಡಿಯವರ ಶಾಸ್ತ್ರ. ಬೆಳಕಿನ ಶಾಸ್ತ್ರ ಬೇರೆ. ಸಾಮಾನ್ಯ ಮಸೂರವು ದೂರದ ದೊಡ್ಡ ವಸ್ತುವನ್ನು ಹತ್ತಿರದ ಸಣ್ಣ ಪಟಲದ ಮೇಲೆ ಇಳಿಸುತ್ತದೆಯಷ್ಟೆ. ಅದನ್ನೇ ಹಿಂದುಮುಂದಾಗಿ ತಿರುಗಿಸಿಟ್ಟರೆ ಹತ್ತಿರದ ಸಣ್ಣದನ್ನು ದೊಡ್ಡದು ಮಾಡುತ್ತದೆ. ಹಾಗೆ ತಿರುಗಿಸಿ ಸಿಕ್ಕಿಸುವ ಒಂದು ಬಳೆ ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ೫೦ ಮಿಲಿಮೀಟರ್ ಮಸೂರವನ್ನು ತಿರುಗಿಸಿದರೆ ವಸ್ತುವಿನ ನಿಜವಾದ ಅಳತೆಗೆ ಸಮೀಪವಾದ ಬಿಂಬವೂ, ೨೮ ಮಿಲಿಮೀಟರಿನದನ್ನು ತಿರುಗಿಸಿದರೆ ಸುಮಾರು ಅದರ ಎರಡರಷ್ಟೂ ಬರುತ್ತದೆ. ಕೈಯಿಂದಲೇ ಬೆಳಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಹಳೆಯ ಮಸೂರ ಇದಕ್ಕೆ ಮೇಲು. ಹೊಸವುಗಳಲ್ಲಿ ತಿರುಗಿಸಿಟ್ಟೊಡನೆ ಕ್ಯಾಮರಾದೊಡನೆ ಸಂಬಂಧ ಕಡಿದು, ಕಿಂಡಿ ಮಾತು ಕೇಳುವುದಿಲ್ಲ. ಮಸೂರದ ಹಿಂಬದಿ ಹೊರಗೆ ಬರುವುದರಿಂದ ಧೂಳಿನ ಬಗ್ಗೆಯೂ ಎಚ್ಚರ ಬೇಕು.

ಇನ್ನೊಂದು ಉಪಾಯ ಟೊಳ್ಳು ಕೊಳವೆ. ಮಸೂರಕ್ಕೂ ಕ್ಯಾಮರಾಕ್ಕೂ ನಡುವೆ ಸೇರಿಸುವ ಇದರಲ್ಲಿ ಗಾಜೇ ಇಲ್ಲ, ಆದುದರಿಂದ ಅಗ್ಗ. ಲೆಕ್ಕವೂ ಗುಮಾಸ್ತರು ಬೆರಳಿನಲ್ಲಿ ಮಾಡುವಂಥದು: ೫೦ ಮಿಲಿಮೀಟರ್ ಮಸೂರಕ್ಕೆ ೨೫ ಮಿಲಿಮೀಟರ್ ಕೊಳವೆ ಸೇರಿಸಿದರೆ ಅರ್ಧ ಅಳತೆಯ ಬಿಂಬ, ೫೦ ಸೇರಿಸಿದರೆ ಪೂರ್ಣ ಅಳತೆಯದು. ಪ್ರತಿಯಾಗಿ ಬೆಳಕು ನಷ್ಟವಾಗುತ್ತದೆ. ಪೂರ್ಣ ಅಳತೆಗೆ ಬಂದಾಗ ಪಟಲಕ್ಕೆ ತಲುಪುವುದು ಕಾಲುಭಾಗ ಮಾತ್ರ. ಇನ್ನು ಮಸೂರದ ಮುಂದೆ ಕನ್ನಡಕದಂತೆ ತಿರುಪಿ ಕೂರಿಸುವ ಗಾಜುಗಳೂ ಇವೆ. ತೀರ ಅಗ್ಗದವು ಅಂಚಿನಲ್ಲಿ ಬಣ್ಣ ಚೆಲ್ಲುತ್ತವೆ.

ಕ್ಯಾಮರಾವೇ ಇಲ್ಲದವರು? ಹೆಚ್ಚಿನವರು ಅವರೇ. ಕೈಯಲ್ಲಿರುವ ಮೊಬೈಲೇ ಅವರ ಕ್ಯಾಮರಾ. ಅಗ್ಗದ ಮೊಬೈಲುಗಳಲ್ಲಿ 'ಮ್ಯಾಕ್ರೋ' ಎಂದು ಪ್ರತ್ಯೇಕವಾಗಿ ಕೊಟ್ಟಿರುವ ಕಣ್ಣು ಎಷ್ಟೋ ಸಲ ೨ ಮೆಗಾಪಿಕ್ಸೆಲ್‌ನ ಅಲ್ಪಶಕ್ತಿಯದು. ಆ ಹೆಸರಿಗೆ ಮಾರುಹೋಗಬಾರದು. ಮುಖ್ಯ ಕಣ್ಣಿಗೆ ಕೆಲವು ನೂರು ರೂಪಾಯಿಯ ಚಿಮುಟ ಮಸೂರವನ್ನು ಸಿಕ್ಕಿಸುವುದು ಲೇಸು. ಅದೂ ಬೇಡವೆಂದರೆ ಒಂದು ಒಳ್ಳೆಯ ಭೂತಗನ್ನಡಿಯನ್ನು ಅದರ ಮುಂದೆ ಹಿಡಿದು ನೋಡಬಹುದು. ಇದು ಅಂಗಿಯ ಕಿಸೆಯಲ್ಲಿ ಹಿಡಿಸುತ್ತದೆ. ಹತ್ತು ಜನ ಮಲಗುವ ಅಟ್ಟದ ಮೇಲೆ ಒಂದು ಟ್ರಂಕಿಗಷ್ಟೇ ಜಾಗವಿರುವವರಿಗೆ ಈ ಅನುಕೂಲ ಸಣ್ಣದಲ್ಲ.

ಏನನ್ನು ಚಿತ್ರಿಸುವುದೆಂಬ ಪ್ರಶ್ನೆಗೆ ನಮ್ಮ ಹೋಟೆಲುಗಳ ಅಡಿಗೆಮನೆಯೇ ಉತ್ತರ. ಉಪ್ಪಿನ ಹರಳು ಪಗಡೆಯ ದಾಳದಂತೆ ಚೌಕವಾಗಿರುವುದನ್ನೂ, ಸಾಸಿವೆಯ ನುಣುಪಾದ ಮೈಮೇಲೆ ಬಲೆಯ ಹೆಣಿಗೆ ಇರುವುದನ್ನೂ, ದಿನಕ್ಕೆ ಸೇರುಗಟ್ಟಲೆ ಒಗ್ಗರಣೆ ಹಾಕುವವರು ಎಷ್ಟು ಮಂದಿ ಕಂಡಿದ್ದಾರೆ? ಬಾಳೆಯ ಗೊನೆಯ ಸುತ್ತ ಸುಳಿಯುವ ೩ ಮಿಲಿಮೀಟರ್ ಗಾತ್ರದ ಹಣ್ಣುನೊಣಕ್ಕೆ ಕೆಂಪು ಕಣ್ಣುಗಳು. ಒಂದೊಂದು ಕಣ್ಣಿನಲ್ಲಿಯೂ ೭೦೦ಕ್ಕೆ ಮಿಕ್ಕಿದ ಬಿಡಿಗಣ್ಣುಗಳು. ಮಾರುಕಟ್ಟೆಯಿಂದ ಬಂದ ಕರಿಬೇವಿನ ಕಟ್ಟನ್ನು ಬಿಡಿಸುವಾಗ ಹಕ್ಕಿಯ ಹಿಕ್ಕೆಯೆಂದು ಒರೆಸಿ ಎಸೆಯುವುದು ಕೆಲವೊಮ್ಮೆ ಹಿಕ್ಕೆಯೇ ಅಲ್ಲ. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಎಳೆಯ ಹುಳು. ಹಕ್ಕಿಗಳ ಕಣ್ಣಿಗೆ ಮಣ್ಣೆರಚಲು ಅದು ಹಾಕಿಕೊಂಡ ವೇಷ ಅದು. ಎಲೆಸಹಿತ ಒಂದು ಡಬ್ಬಿಯಲ್ಲಿಟ್ಟು ದಿನವೂ ಹೊಸ ಎಲೆ ಕೊಟ್ಟರೆ, ಹಸುರು ಬಣ್ಣಕ್ಕೆ ತಿರುಗುವುದನ್ನೂ ಕೋಶ ಕಟ್ಟುವುದನ್ನೂ ಮಧ್ಯಾಹ್ನದ ಬಿಡುವಿನಲ್ಲಿ ನೋಡಬಹುದು. ಕಛೇರಿಯವರಿಗೆ ಕಾಗದದ ನಾರಿದೆ. ಬಣ್ಣದ ಅಚ್ಚಿನ ಚಿತ್ರದೊಳಗೆ ನಾಲ್ಕೇ ಶಾಯಿಗಳ ಚುಕ್ಕೆಗಳಿವೆ. ಗೋಡೆಯ ಮೇಲಿನ ಜಿಗಿಯುವ ಜೇಡವಂತೂ ತನ್ನ ಎಂಟು ಕಣ್ಣುಗಳಲ್ಲಿ ಮುಂದಿನ ದೊಡ್ಡ ಎರಡರಿಂದ, ಚಿತ್ರ ತೆಗೆಯುವವನನ್ನೇ ತಿರುಗಿ ನೋಡುತ್ತದೆ. ಇದನ್ನು ಕ್ಷುದ್ರವೆನ್ನುವವರಿಗೆ ಒಂದು ಸಂಗತಿ: ೨೦೨೧ರಲ್ಲಿ ಮಹಾರಾಷ್ಟ್ರದಿಂದ ವರ್ಣಿತವಾದ ಇಂಥ ಒಂದು ಹೊಸ ಜಾತಿಯ ಜೇಡಕ್ಕೆ, ೨೦೦೮ರ ನವೆಂಬರಿನಲ್ಲಿ ಮುಂಬಯಿಯನ್ನು ಕಾಯುತ್ತ ಪ್ರಾಣಕೊಟ್ಟ ಪೋಲೀಸಿನ ತುಕಾರಾಮ ಓಂಬಳೆಯವರ ಹೆಸರಿಟ್ಟಿದ್ದಾರೆ.

ಹಣಕ್ಕೆ ಬದಲಾಗಿ ಇಲ್ಲಿ ತೆರಬೇಕಾದುದು ತಾಳ್ಮೆ. ಪೂರ್ಣ ಅಳತೆಯ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆಯಾಗಬಹುದು. ಇರುವೆಯ ಕಣ್ಣು ಸಿಕ್ಕಿದರೆ ಕಾಲು ಮಸುಕು. ಮಸೂರವನ್ನು ತಿರುವುತ್ತ ಕೂರುವುದಕ್ಕಿಂತ, ಮೊಣಕೈಯನ್ನು ಊರಿ, ಉಸಿರು ಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಸರಿಸಬೇಕು. ಇಪ್ಪತ್ತರಲ್ಲಿ ಒಂದು ಚಿತ್ರ ಚೆನ್ನಾಗಿ ಬಂದರೆ ಅದೃಷ್ಟ. ಬೆಳಕಿಗೆ ಕಿಟಕಿ ಸಾಕು. ಎದುರು ಬದಿಗೆ ಒಂದು ಬಿಳಿಯ ಹಾಳೆಯನ್ನೋ ಥರ್ಮೊಕೋಲ್ ತುಂಡನ್ನೋ ನಿಲ್ಲಿಸಿದರೆ ನೆರಳು ಮೆತ್ತಗಾಗುತ್ತದೆ. ಕಾಕಡೆ ಮಲ್ಲಿಗೆ ಅರಳುವ ಮುಂಜಾನೆಯ ತಂಪಿನಲ್ಲಿ ಕೀಟಗಳು ಮಂದವಾಗಿರುತ್ತವೆ. ಐದು ಗಂಟೆಗೆ ಒಲೆ ಹಚ್ಚಲು ಏಳುವ ನಮ್ಮವರಿಗೆ ಆ ಹೊತ್ತು ಹೊಸದಲ್ಲ. ಹುಳುವನ್ನು ಶೀತಕಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸಿಯೋ ಅಂಟು ಹಾಕಿ ನಿಲ್ಲಿಸಿಯೋ ಚಿತ್ರ ತೆಗೆಯುವ ಕೆಲವರ ಪದ್ಧತಿ ಮಾತ್ರ ನಮಗೆ ಹೇಯವೆನಿಸುತ್ತದೆ.

ಕೊನೆಗೆ ನಮ್ಮ ಕನ್ನಡ ಸಂಘಗಳಿಗೆ ಒಂದು ಬಿನ್ನಹ. ಹಗಲು ಲೋಟ ತೊಳೆದ ಹುಡುಗರಿಗೆ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದು. ಅದೇ ಮನಸ್ಸಿನಿಂದ ಸಂಘದ ವಾಚನಾಲಯದಲ್ಲಿ ಬಳಸಿದ ಹಳೆಯ ಕ್ಯಾಮರಾ ಒಂದು, ತಿರುಗು ಬಳೆ ಒಂದು, ಕೊಳವೆಗಳ ಒಂದು ಜೊತೆ, ಎರಡು ಚಿಮುಟ ಮಸೂರ ಇಷ್ಟನ್ನು ಇಡಲಾಗದೆ? ವಾರ್ಷಿಕೋತ್ಸವದ ಶಾಲು, ಹಾರ, ಸ್ಮರಣಿಕೆಗಳಲ್ಲಿ ತುಸು ಕೈ ಬಿಗಿ ಹಿಡಿದರೆ ಆದೀತು. ಕಳೆದುಹೋದರೆ ಯಾರು ಹೊಣೆಯೆಂದು ಕಾರ್ಯದರ್ಶಿಗಳು ಕೇಳುವುದು ನಮಗೆ ಗೊತ್ತು. ಪುಸ್ತಕ ಕೊಂಡೊಯ್ದವರ ಹೆಸರು ಬರೆಯುವ ದಫ್ತರದಲ್ಲಿಯೇ ಇನ್ನೊಂದು ಪುಟ ತೆರೆದು, ವಾರಕ್ಕೊಬ್ಬರಂತೆ ಸಹಿ ಹಾಕಿಸಿಕೊಂಡು ಕೊಡಲಿ. ಮುಂದೆ ಬರುವ ಮೊದಲ ಸಂಘಕ್ಕೆ ಒಂದು ಭೂತಗನ್ನಡಿಯನ್ನು ಕೊಡಲು ನಮ್ಮ ಕಾರ್ಯಾಲಯ ಸಿದ್ಧವಿದೆ.